ಕ್ಯಾಸೆಟ್ಟಿನ ಹಲ್ಲು

"ಇದ್ಯಾಕೆ ಬಾಯೇ ಬಿಡ್ತಿಲ್ಲ?" ಅಪ್ಪ ಟೇಪ್ ರೆಕಾರ್ಡರಿನ ತಲೆಗೆ ಒಂದು ಮೊಟಕಿದ. "ಬಟನ್ ಒತ್ತಿದೀನಿ, ಚಕ್ರ ತಿರುಗ್ತಿದೆ, ಹಾಡು ಮಾತ್ರ ಇಲ್ಲ."

"ವಾಲ್ಯೂಮ್ ಜಾಸ್ತಿ ಮಾಡಪ್ಪ," ಎಂದಳು ಮಿಡತೆ. ಅವಳು ಎರಡೂ ಕೈಯಲ್ಲಿ ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಕರು ಅವಳನ್ನೇ ಎಳೆಯುತ್ತಿತ್ತು.

"ಮಾಡಿದೆ ಕಣೇ. ಇದು ನಿಮ್ಮಮ್ಮನ ಕೈಗೆ ಮಾತ್ರ ಮಾತಾಡೋದು. ನನ್ನ ಕಂಡ್ರೆ ಮುನಿಸು."

ಮಿಡತೆ ಎಂಬುದು ಶಾಲೆಯ ರಿಜಿಸ್ಟರಿನಲ್ಲಿರುವ ಹೆಸರಲ್ಲ. ಒಂದು ಕಡೆ ನಿಲ್ಲದೆ ಜಿಗಿಯುತ್ತಿದ್ದಳು ಎಂದು ಅಪ್ಪ ಹಾಗೆ ಕರೆದ. ಅದೇ ಅಂಟಿಕೊಂಡಿತು. ಅವರ ಮನೆಯ ದೊಡ್ಡ ಹಸುವಿನ ಹೆಸರು ಹೆಡ್‌ಮಿಸ್. ಅದಕ್ಕೆ ಕಾರಣ ಹೇಳಬೇಕಾಗಿಲ್ಲ, ಅದರ ಮುಖ ನೋಡಿದರೆ ಸಾಕು.

ಹೆಡ್‌ಮಿಸ್ ಹಾಡಿಲ್ಲದೆ ಹಾಲು ಇಳಿಸುವವಳಲ್ಲ. ತಪ್ಪು ಅಮ್ಮನದೇ. ಅಮ್ಮ ಹಾಡು ಕಟ್ಟುವವಳು. ಹೊಲ, ಅಡುಗೆ, ಹಸು, ಪಾಪು ಎಲ್ಲ ನೋಡಿಕೊಂಡು ಹಾಡಿಗೆಂದು ಬೇರೆ ಹೊತ್ತು ಅವಳಿಗೆಲ್ಲಿ? ಹಾಲು ಕರೆಯುವಾಗಲೇ ಕಟ್ಟುತ್ತಿದ್ದಳು. ಪಾತ್ರೆಗೆ ಬೀಳುವ ಹಾಲೇ ತಾಳ. ಮದುವೆ ಮನೆಯವರು, ಶಾಲೆಯವರು, ಕಾಯಿಲೆಯಲ್ಲಿ ಮಲಗಿದವರು, ಯಾರು ಕರೆದರೂ ಹೆಗಲಿಗೆ ಗಿಟಾರ್ ಹಾಕಿಕೊಂಡು ಹೊರಟುಬಿಡುತ್ತಿದ್ದಳು.

ಇವತ್ತು ಪಾಪುವಿಗೆ ಜ್ವರ. ಅವನನ್ನು ಎತ್ತಿಕೊಂಡು ಅಮ್ಮ ಡಾಕ್ಟರ ಹತ್ತಿರ ಹೋಗಿದ್ದಳು. ಹಾಗಾಗಿ ಸಂಜೆಯ ಹಾಲು ಅಪ್ಪನ ಪಾಲಿಗೆ ಬಂದಿತ್ತು. ಅಪ್ಪನ ಕೈ ಗುದ್ದಲಿಗೆ ಒಳ್ಳೆಯದು, ಕೆಚ್ಚಲಿಗಲ್ಲ.

"ನಿಲ್ಲೇ ಮಾರಾಯ್ತಿ! ನಿನ್ನ ಕಾಲಿಗೆ ಬೀಳ್ತೀನಿ," ಎಂದು ಅಪ್ಪ ಹಸುವಿನ ಕೆಳಗೆ ಕುಳಿತು ಬೇಡಿಕೊಂಡ. ಹೆಡ್‌ಮಿಸ್ ಬಾಲದಿಂದ ಅವನ ಕೆನ್ನೆಗೆ ಒಂದು ಬಿಟ್ಟಳು.

ಮಿಡತೆಗೆ ನಗು ಬಂತು. ನಗುತ್ತಲೇ ಅವಳು ಒಂದು ರಾಗ ಗುನುಗತೊಡಗಿದಳು. ಯಾವ ರಾಗ ಎಂದು ಯೋಚಿಸಲೂ ಇಲ್ಲ. ಮೂರು ವಾರದಿಂದ ದಿನಕ್ಕೆರಡು ಸಲ ಆ ಕೊಟ್ಟಿಗೆಯಲ್ಲಿ ಕೇಳಿದ್ದು ಅದೊಂದೇ. ಹಸು ಕಿವಿ ಹಿಂದಕ್ಕೆ ಮಾಡಿತು. ಸೊರ್, ಸೊರ್ ಎಂದು ಹಾಲು ಬಿತ್ತು.

ಪಾತ್ರೆ ಮುಕ್ಕಾಲು ತುಂಬಿದಾಗ ಮಿಡತೆ ಕರುವನ್ನು ಬಿಟ್ಟು ಟೇಪ್ ರೆಕಾರ್ಡರಿನ ಹತ್ತಿರ ಬಂದಳು. ಬಂದವಳು ಹಾಗೇ ನಿಂತುಬಿಟ್ಟಳು.

ಕೆಂಪು ಬಟನ್ ಕೆಳಗಿಳಿದಿತ್ತು.

"ಅಪ್ಪ! ಇದು ರೆಕಾರ್ಡ್ ಬಟನ್!"

"ಅಂದ್ರೆ?"

ಅವಳು ಬೇಗ ನಿಲ್ಲಿಸಿದಳು. ಒಳಗಿನ ಕ್ಯಾಸೆಟ್ ಯಾವುದೆಂದು ನೋಡಿದಳು. ನೋಡುವ ಮೊದಲೇ ಅವಳಿಗೆ ಗೊತ್ತಿತ್ತು. ನೀಲಿ ದಾರ ಕಟ್ಟಿದ ಕ್ಯಾಸೆಟ್. ಟೈಲರ್ ಅತ್ತೆಯ ಕ್ಯಾಸೆಟ್.

ಟೈಲರ್ ಅತ್ತೆ ಎಂದರೆ ಬೀದಿಯ ಕೊನೆಯ ಮನೆಯ ಬಡಗಿ ಮಾಮನ ಹೆಂಡತಿ. ಮಿಷನ್ ತುಳಿಯುವಾಗ ಅವರು ಯಾವಾಗಲೂ ಒಂದೇ ರಾಗ ಗುನುಗುತ್ತಿದ್ದರು. ಅದಕ್ಕೆ ಮಾತುಗಳಿರಲಿಲ್ಲ. ಕಾಯಿಲೆ ಬಿದ್ದು ಹಾಸಿಗೆ ಹಿಡಿದ ಮೇಲೆ ಅಮ್ಮನನ್ನು ಕರೆದು, "ಇದಕ್ಕೆರಡು ಮಾತು ಹಾಕಿಕೊಡೇ," ಎಂದು ಕೇಳಿದ್ದರು. ಅಮ್ಮ ಈ ಟೇಪ್ ರೆಕಾರ್ಡರನ್ನೇ ಹೊತ್ತುಕೊಂಡು ಹೋಗಿ ಅವರ ಗುನುಗನ್ನು ತುಂಬಿಕೊಂಡು ಬಂದಳು. ಅದಾಗಿ ನಾಲ್ಕನೇ ದಿನ ಅತ್ತೆ ತೀರಿಕೊಂಡರು.

ನಾಳೆ ಭಾನುವಾರ, ಅತ್ತೆಯನ್ನು ನೆನೆಯಲು ಅವರ ಮನೆಯಲ್ಲಿ ಜನ ಸೇರುವವರಿದ್ದರು. ಅಮ್ಮ ಹಾಡಬೇಕಿತ್ತು. ಹಾಡಿಗಿಂತ ಹೆಚ್ಚಾಗಿ ಬಡಗಿ ಮಾಮ ಕಾಯುತ್ತಿದ್ದದ್ದು ಈ ಕ್ಯಾಸೆಟ್ಟಿಗೆ. ಅತ್ತೆಯ ಧ್ವನಿ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

"ನಾನು ಹಾಳು ಮಾಡ್ಬಿಟ್ನೇನೇ?" ಅಪ್ಪ ಎದ್ದು ನಿಂತಿದ್ದ. ಅವನ ಕೈಯಿಂದ ಹಾಲು ತೊಟ್ಟಿಕ್ಕುತ್ತಿತ್ತು.

ಮಿಡತೆ ಕ್ಯಾಸೆಟ್ಟನ್ನು ಹೊರತೆಗೆದಳು. ಅವಳ ಬೆರಳು ಕ್ಯಾಸೆಟ್ಟಿನ ಬೆನ್ನ ಮೇಲಿತ್ತು.

ಕ್ಯಾಸೆಟ್ ಕಂಡರಿಯದ ಮಕ್ಕಳಿಗೆ ಇಲ್ಲಿ ಒಂದು ಮಾತು ಹೇಳಬೇಕು. ಅದರ ಬೆನ್ನ ಮೇಲೆ ಉಗುರಿನಷ್ಟು ಸಣ್ಣ ಹಲ್ಲಿರುತ್ತದೆ. ಆ ಹಲ್ಲು ಮುರಿದುಬಿಟ್ಟರೆ ಕೆಂಪು ಬಟನ್ ಏನು ಮಾಡಿದರೂ ಕೆಳಗಿಳಿಯುವುದಿಲ್ಲ. ಒಳಗಿರುವುದು ಅಳಿಯುವುದಿಲ್ಲ. ಉಳಿಯಬೇಕಾದ ಕ್ಯಾಸೆಟ್ಟಿನ ಹಲ್ಲು ಮುರಿಯುವುದು ಆ ಮನೆಯಲ್ಲಿ ಮಿಡತೆಯ ಕೆಲಸವಾಗಿತ್ತು.

ಅತ್ತೆಯ ಧ್ವನಿ ತುಂಬಿಕೊಂಡ ದಿನ ಸಂಜೆ ಅಮ್ಮ ಶಾಲೆಯಿಂದ ನೇರ ಕೊಟ್ಟಿಗೆಗೆ ಹೋಗಿದ್ದಳು. "ನನ್ನ ಕೈಯೆಲ್ಲ ಸಗಣಿ. ಇದರ ಹಲ್ಲು ಮುರಿದಿಡು ಕಂದ," ಎಂದಿದ್ದಳು.

ಮಿಡತೆ "ಹೂಂ" ಎಂದಿದ್ದಳು. ಮುರಿದಿರಲಿಲ್ಲ.

ಅವತ್ತು ಶಾಲೆಯಲ್ಲಿ ಕಾರ್ಯಕ್ರಮವಿತ್ತು. ಮಿಡತೆ ಹಾಡಬೇಕು, ಅಮ್ಮ ಪಕ್ಕದಲ್ಲಿ ನಿಂತು ಗಿಟಾರ್ ನುಡಿಸಬೇಕು ಎಂದಾಗಿತ್ತು. ಹೆಸರು ಕರೆದಾಗ ಅವಳು ಗೇಟನ್ನೇ ನೋಡುತ್ತ ನಿಂತಿದ್ದಳು. ಹಿಂದಿನ ಸಾಲಿನಿಂದ ಯಾರೋ, "ಏಯ್, ನಿಂದು ಸೆಲ್ ಖಾಲಿನಾ?" ಎಂದು ಕೂಗಿದರು. ಎಲ್ಲರೂ ನಕ್ಕರು. ಅವಳು ಹಾಡದೆ ಕೆಳಗಿಳಿದಳು. ಬೆಂಚುಗಳನ್ನು ಎತ್ತಿಡುವ ಹೊತ್ತಿಗೆ ಅಮ್ಮ ಬಂದಳು. ಚಪ್ಪಲಿ ಕೈಯಲ್ಲಿತ್ತು, ಏದುಸಿರು. ಮಿಡತೆ ಅವಳ ಮುಖ ನೋಡದೆ ದಾಟಿ ಹೋಗಿದ್ದಳು.

ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ, "ಮುರಿದ್ಯಾ?" ಎಂದು ಕೇಳಿದ್ದಳು.

"ಮುರಿದೆ," ಎಂದಿದ್ದಳು ಮಿಡತೆ. ತಟ್ಟೆಯಿಂದ ತಲೆಯೆತ್ತಿರಲಿಲ್ಲ.

ಇವತ್ತು ಅಮ್ಮ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಬಂದಾಗ ಬೆಳಕು ಇನ್ನೂ ಸ್ವಲ್ಪ ಇತ್ತು. ಅಪ್ಪ ಬಾಗಿಲಲ್ಲೇ ಎಲ್ಲ ಹೇಳಿಬಿಟ್ಟ.

"ಬೈಯೋದಾದ್ರೆ ನನಗೆ ಬೈಯಿ. ಮಗುವಿಗೇನೂ ಅನ್ಬೇಡ. ಬಟನ್ ಒತ್ತಿದ್ದು ನಾನು."

ಅಮ್ಮ ಬೈಯಲಿಲ್ಲ. ಪಾಪುವನ್ನು ಅಪ್ಪನಿಗೆ ಕೊಟ್ಟು ಹಾಲು ಕರೆಯುವ ಮಣೆಯ ಮೇಲೆ ಕುಳಿತಳು. ಕ್ಯಾಸೆಟ್ಟನ್ನು ತಿರುಗಿಸಿ ಬೆನ್ನು ನೋಡಿದಳು.

"ಹಲ್ಲು ಇದೆ," ಎಂದಳು.

"ಯಾವ ಹಲ್ಲು?" ಎಂದ ಅಪ್ಪ.

ಅಮ್ಮ ಯಾರ ಕಡೆಗೂ ನೋಡಲಿಲ್ಲ. ನೋಡಿದ್ದರೆ ಮಿಡತೆಗೆ ಸುಲಭವಾಗುತ್ತಿತ್ತೇನೋ. ಹೆಡ್‌ಮಿಸ್ ಮೆಲುಕು ಹಾಕುತ್ತಿದ್ದಳು.

"ನಾನು ಮುರೀಲಿಲ್ಲಮ್ಮ," ಎಂದಳು ಮಿಡತೆ. "ಮುರಿದೆ ಅಂತ ಸುಳ್ಳು ಹೇಳಿದೆ."

"ಯಾಕೆ?"

"ನೀನು ಸ್ಕೂಲಿಗೆ ಬರ್ಲಿಲ್ಲ."

ಅಮ್ಮ ನೀಲಿ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಅವತ್ತು ಅತ್ತೆಗೆ ಧ್ವನಿ ಬಂದಿತ್ತು. ನಾಳೆ ಇರುತ್ತೋ ಇಲ್ವೋ ಅಂತ ಕೂತ್ಬಿಟ್ಟೆ," ಎಂದಳು. "ನಿನ್ನ ಹಾಡು ಮುಂದಿನ ವರ್ಷನೂ ಇರುತ್ತೆ ಅಂದ್ಕೊಂಡೆ. ಅದು ನನ್ನ ತಪ್ಪು. ಇದು ನಿನ್ನದು."

"ಅಮ್ಮ, ನೀನೇ ಗುನುಗಿ ಇನ್ನೊಂದ್ಸಲ ತುಂಬಿಬಿಡು. ಮಾಮನಿಗೆ ಗೊತ್ತಾಗಲ್ಲ."

"ಇಪ್ಪತ್ತು ವರ್ಷ ಅವಳ ಮಿಷನ್ ಪಕ್ಕದಲ್ಲೇ ಮರಕ್ಕೆ ಹತ್ತರಿ ಹೊಡೆದೋರು. ಅವರಿಗೆ ಗೊತ್ತಾಗಲ್ವಾ?" ಅಮ್ಮ ಎದ್ದಳು. "ಬೆಳಿಗ್ಗೆ ಹೋಗೋಣ."

"ನಾನೂನಾ?"

"ನೀನೂ."

"ಏನಾದ್ರೂ ಉಳಿದಿದೆಯಾ, ಹಾಕಿ ನೋಡೋಣಮ್ಮ?"

"ಬೇಡ. ಅದು ಅವರದು. ಮೊದಲು ಅವರು ಕೇಳಲಿ."

ಬಡಗಿ ಮಾಮನ ಮನೆಯ ಮುಂದಿನ ಕೋಣೆಯಲ್ಲಿ ಅರ್ಧ ಮರಗೆಲಸ, ಅರ್ಧ ಹೊಲಿಗೆ. ಒಂದು ಬದಿಗೆ ಉಳಿ, ಗರಗಸ, ಗೋಂದಿನ ಡಬ್ಬಿ. ಇನ್ನೊಂದು ಬದಿಗೆ ಅತ್ತೆಯ ಮಿಷನ್. ಅದರ ಸೂಜಿಯ ಕೆಳಗೆ ಯಾವುದೋ ಮಗುವಿನ ಫ್ರಾಕಿನ ತೋಳು ಹಾಗೇ ಸಿಕ್ಕಿಕೊಂಡಿತ್ತು. ಅದನ್ನು ಯಾರೂ ತೆಗೆದಿರಲಿಲ್ಲ.

ಮಾಮ ಗಡ್ಡ ಬೋಳಿಸಿರಲಿಲ್ಲ. ಅಂಗಿಯ ಗುಂಡಿ ತಪ್ಪಿತಪ್ಪಿ ಹಾಕಿಕೊಂಡಿದ್ದರು. ಆದರೆ ಇವರನ್ನು ಕಂಡು ಮುಖ ಸ್ವಲ್ಪ ಅರಳಿತು.

"ಬಂದ್ರಾ? ಬನ್ನಿ. ಇದನ್ನ ನೋಡು ಮಿಡತೆ."

ಅವರು ಮೇಜಿನ ಮೇಲಿಂದ ಒಂದು ಪುಟ್ಟ ಮರದ ಪೆಟ್ಟಿಗೆ ಎತ್ತಿ ಕೊಟ್ಟರು. ಅಂಗೈಯಷ್ಟೇ ಇತ್ತು. ಮೂಲೆಗಳಲ್ಲಿ ಎಲ್ಲಿ ಕೂಡಿಸಿದ್ದು ಎಂದು ಕಾಣದಷ್ಟು ನಯ. ಮುಚ್ಚಳ ಜಾರಿಸಿದರೆ ಒಳಗೆ ಅತ್ತೆಯ ಬಟ್ಟೆಯ ತುಂಡೊಂದನ್ನು ಹಾಸಿದ್ದರು.

"ಕ್ಯಾಸೆಟ್ಟಿಗೆ," ಎಂದರು ಮಾಮ. "ಅಳತೆ ಸರಿ ಇದೆಯಾ ನೋಡೋಣ. ತಾ."

ಮಿಡತೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಅಮ್ಮನ ಕಡೆ ನೋಡಿದಳು. ಅಮ್ಮ ಅವಳ ಕಡೆಗೇ ನೋಡುತ್ತಿದ್ದಳು. ಹೇಳಬೇಕಾದವಳು ತಾನೇ ಎಂದು ಮಿಡತೆಗೆ ಗೊತ್ತಾಯಿತು.

ಅವಳು ಹೇಳಿದಳು. ಹಲ್ಲಿನ ವಿಷಯ, ಸುಳ್ಳಿನ ವಿಷಯ, ಕೆಂಪು ಬಟನ್ನಿನ ವಿಷಯ. ಮಧ್ಯದಲ್ಲಿ ಎರಡು ಸಲ ಮಾತು ನಿಂತುಹೋಯಿತು. ಮಾಮ ಸಹಾಯ ಮಾಡಲಿಲ್ಲ. ಕೇಳುತ್ತ ಕೇಳುತ್ತ ಮೇಜಿನ ಮೇಲಿನ ಮರದ ಹೊಟ್ಟನ್ನು ಕೈಯಿಂದ ಒಂದೇ ಕಡೆಗೆ ಸರಿಸುತ್ತಿದ್ದರು.

"ಎಲ್ಲಾ ಹೋಯ್ತಾ?" ಎಂದು ಕೊನೆಗೆ ಕೇಳಿದರು.

"ಗೊತ್ತಿಲ್ಲ ಮಾಮ."

"ಹಾಕು."

ಅಮ್ಮ ಹೊತ್ತು ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಮಿಡತೆ ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಹಾಕಿದಳು. ಮೊದಲು ಅಪ್ಪನ ದನಿ ಬಂತು: "ಇದ್ಯಾಕೆ ಬಾಯೇ ಬಿಡ್ತಿಲ್ಲ?" ಆಮೇಲೆ ಮತ್ತೆ ಅವನೇ: "ನಿಲ್ಲೇ ಮಾರಾಯ್ತಿ! ನಿನ್ನ ಕಾಲಿಗೆ ಬೀಳ್ತೀನಿ." ಬೇರೆ ದಿನವಾಗಿದ್ದರೆ ಯಾರಾದರೂ ನಗುತ್ತಿದ್ದರು. ಆಮೇಲೆ ಮಿಡತೆಯ ಗುನುಗು, ಜೊತೆಗೆ ಹಾಲಿನ ಸದ್ದು. ಅತ್ತೆಯ ರಾಗದ ಮೇಲೆ ಅದೇ ರಾಗ. ಮುಗಿಯುವುದೇ ಇಲ್ಲವೇನೋ ಅನ್ನುವಷ್ಟು ಉದ್ದಕ್ಕಿತ್ತು. ಮಿಡತೆ ತನ್ನ ಕಾಲಿನ ಬೆರಳುಗಳನ್ನೇ ನೋಡುತ್ತ ನಿಂತಳು.

"ಅಪ್ಪ! ಇದು ರೆಕಾರ್ಡ್ ಬಟನ್!" "ಅಂದ್ರೆ?" ಟಕ್.

ಅಷ್ಟೇ ಅಂದುಕೊಳ್ಳುವಷ್ಟರಲ್ಲಿ ಒಂದು ಉಸಿರು ಕೇಳಿಸಿತು. ಕಷ್ಟಪಟ್ಟು ಎಳೆದುಕೊಂಡ ಉಸಿರು. ರಾಗದ ಬಾಲದ ತುಂಡೊಂದು ಬಂದು ನಿಂತಿತು. ನಂತರ ಅತ್ತೆ ಮಾತಾಡಿದರು.

"ಸಾಕು, ಏಳೇ. ಮಗು ಇವತ್ತು ಹಾಡ್ತಾಳೆ ಅಂದಿದ್ಯಲ್ಲ?"

"ಇನ್ನೊಂದೇ ಒಂದ್ಸಲ ಅಕ್ಕ, ಆ ಕೊನೆಯ ತಿರುವು..." ಇದು ಅಮ್ಮನ ದನಿ.

"ನಾನೆಲ್ಲಿಗೂ ಓಡಿ ಹೋಗಲ್ಲ. ಅವಳು ಗೇಟ್ ನೋಡ್ತಾ ನಿಂತಿರ್ತಾಳೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡಾದ್ರೂ ಓಡು!"

ಟಕ್. ಆಮೇಲೆ ಬರೀ ಸುಂಯ್ ಎನ್ನುವ ಸದ್ದು.

ಈ ಮಾತನ್ನು ಮಿಡತೆ ಯಾವತ್ತೂ ಕೇಳಿರಲಿಲ್ಲ. ಕೊಟ್ಟಿಗೆಯಲ್ಲಿ ಅಮ್ಮ ಪ್ರತಿಸಲವೂ ಗುನುಗು ಮುಗಿಯುವ ಮೊದಲೇ ಟೇಪ್ ನಿಲ್ಲಿಸಿಬಿಡುತ್ತಿದ್ದಳು. ಯಾಕೆಂದು ಈಗ ತಿಳಿಯಿತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು.

"ಇನ್ನೊಂದ್ಸಲ," ಎಂದರು ಮಾಮ.

ಅತ್ತೆಯ ಆ ತುಣುಕನ್ನು ಮೂರು ಸಲ ಹಾಕಿದ್ದಾಯಿತು. ಮೂರನೆಯ ಸಲ ಮಾಮ ಕಣ್ಣು ಒರೆಸಿಕೊಳ್ಳಲೂ ಇಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಟೇಪ್ ನಿಂತ ಮೇಲೆ ಮಿಡತೆಯ ಕಡೆ ತಿರುಗಿದರು.

"ಪರವಾಗಿಲ್ಲ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ ಮಗು," ಎಂದರು.

ಮಿಡತೆ ತಲೆಯಾಡಿಸಿದಳು.

"ಮೂರನೇ ಸಾಲಲ್ಲಿ ನೀನು ರಾಗ ಎಳೀತೀಯಲ್ಲ, ಅವಳು ಎಳೀತಿರಲಿಲ್ಲ. ಅಲ್ಲಿ ನಿಲ್ಲಿಸೋಳು."

"ಉಸಿರು ಸಾಲದೆ ನಿಲ್ಲಿಸಿದ್ಲು ಅಂದ್ಕೊಂಡಿದ್ದೆ," ಎಂದು ಅಮ್ಮ ಕಿಟಕಿಯಿಂದ ತಿರುಗಿದಳು. "ಅದಕ್ಕೆ ನಾನು ಅದನ್ನ ತುಂಬಿಸಿ ಹಾಡ್ತಿದ್ದೆ. ಇವಳು ಅದನ್ನೇ ಕಲಿತಳು. ಆ ಜಾಗಕ್ಕೆ ಮಾತು ಹುಡುಕಿ ಹುಡುಕಿ ನನಗೂ ಸಾಕಾಯ್ತು."

"ಉಸಿರಲ್ಲಮ್ಮ. ಇಪ್ಪತ್ತು ವರ್ಷದಿಂದಲೂ ಅಲ್ಲೇ ನಿಲ್ಲಿಸೋಳು." ಮಾಮ ಮಿಷನ್ ಕಡೆ ಕೈ ತೋರಿಸಿದರು. "ಅಷ್ಟು ಹೊತ್ತಿಗೆ ಒಂದು ಹೊಲಿಗೆ ಮುಗೀತಿತ್ತು. ದಾರ ಹಲ್ಲಲ್ಲಿ ಕಚ್ಚಿ ಕತ್ತರಿಸೋಳು. ಆಮೇಲೆ ಮುಂದಿನ ಸಾಲು."

ಮಾಮ ಸಾಲಾಗಿ ತೂಗುಹಾಕಿದ್ದ ಉಳಿಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ತೆಗೆದರು. ಕ್ಯಾಸೆಟ್ಟನ್ನು ಮೇಜಿನ ಮೇಲೆ ಬೆನ್ನು ಮೇಲಾಗಿ ಹಿಡಿದರು. ಉಳಿಯ ಹಿಡಿಯನ್ನು ಮಿಡತೆಯ ಕಡೆ ಚಾಚಿದರು.

ಅವಳು ಉಳಿ ತೆಗೆದುಕೊಂಡಳು. ಮಾಮ ಅವಸರ ಮಾಡಲಿಲ್ಲ. ಅವಳು ಉಳಿಯ ತುದಿಯನ್ನು ಹಲ್ಲಿನ ಸಂದಿಗೆ ಇಟ್ಟು ಮೀಟಿದಳು. ಹಲ್ಲು ಮುರಿದು ಮರದ ಹೊಟ್ಟಿನಲ್ಲೆಲ್ಲೋ ಬಿತ್ತು.

ಕ್ಯಾಸೆಟ್ ಪೆಟ್ಟಿಗೆಯೊಳಗೆ ಸರಿಯಾಗಿ ಕುಳಿತಿತು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಮಧ್ಯಾಹ್ನ ಜನ ಸೇರಿದಾಗ ಅಮ್ಮ ಹಾಡಿದಳು. ಮೂರನೇ ಸಾಲಿನಲ್ಲಿ ನಿಲ್ಲಿಸಿದಳು. ಮರೆತುಹೋಯಿತೇನೋ ಎಂದು ಕೆಲವರು ತಲೆಯೆತ್ತಿದರು. ಬಾಗಿಲಿಗೆ ಒರಗಿ ನಿಂತಿದ್ದ ಬಡಗಿ ಮಾಮ ಮಾತ್ರ ತಲೆ ತಗ್ಗಿಸಿದರು.

ಸಂಜೆ ಪಾಪುವಿನ ಜ್ವರ ಮತ್ತೆ ಏರಿತು. ಅಮ್ಮ ಅವನ ಹಣೆಗೆ ಒದ್ದೆ ಬಟ್ಟೆ ಇಡುತ್ತ ಒಳಗೇ ಕುಳಿತಳು. ಅಪ್ಪ ಪಾತ್ರೆ ಹಿಡಿದು ಹಸುವಿನ ಕೆಳಗೆ ಕುಳಿತ. ಟೇಪ್ ರೆಕಾರ್ಡರಿನ ಬಾಯಿ ಖಾಲಿಯಿತ್ತು.

"ಹಾಡೇ," ಎಂದ ಅಪ್ಪ ಮೆಲ್ಲಗೆ.

ಮಿಡತೆ ಹೆಡ್‌ಮಿಸ್‌ಳ ಕುತ್ತಿಗೆಗೆ ಕೆನ್ನೆಯಿಟ್ಟು ಗುನುಗತೊಡಗಿದಳು. ಒಂದನೇ ಸಾಲು. ಎರಡನೇ ಸಾಲು. ಮೂರನೆಯದರಲ್ಲಿ ಆ ಜಾಗ ಬಂತು. ಅವಳು ನಿಲ್ಲಿಸಿದಳು.

ಹಸು ಕಿವಿ ತಿರುಗಿಸಿತು. ಅಪ್ಪನ ಕೈಯೂ ನಿಂತಿತು. ಒಂದು ದಾರ ಕಚ್ಚಿ ಕತ್ತರಿಸುವಷ್ಟು ಹೊತ್ತು ಅವಳು ಕಾದಳು. ಆಮೇಲೆ ಮುಂದಿನ ಸಾಲು ಎತ್ತಿಕೊಂಡಳು.