ಯಾವಾರ್ ದೊರೆಯ ಬಾಯಿ

"ಮೊದಲು ಕಲ್ಲು ಬಾಯಿಗೆ ಹಾಕ್ಕೊ. ಆಮೇಲೆ ಒಳಗೆ ಹೋಗು," ಎಂದಳು ಯಾವಾರ್ ದೊರೆಯ ಮನೆ ನೋಡಿಕೊಳ್ಳುವ ಚಿಂಪು ಅಜ್ಜಿ.

ಬಾಗಿಲ ಪಕ್ಕದ ಬುಟ್ಟಿಯಲ್ಲಿ ಹೊಳೆಯ ಕಲ್ಲುಗಳಿದ್ದವು. ತಲೆಮಾರುಗಳ ನಾಲಿಗೆ ತಾಗಿ ಅವು ಹಕ್ಕಿಯ ಮೊಟ್ಟೆಯಂತೆ ನುಣುಪಾಗಿದ್ದವು. ಅತೋಕ್ ಒಂದನ್ನೆತ್ತಿ ಮೂಸಿದ. ಯಾರದೋ ಎಂಜಲಿನ ವಾಸನೆ.

"ನಮ್ಮೂರ ಹೊಲದ ತುಂಬ ಇರೋದು ಇದೇ ಅಜ್ಜಿ. ತಿನ್ನೋಕಾಗಿದ್ರೆ ನಾನ್ಯಾಕೆ ಇಷ್ಟು ದೂರ ಬರ್ತಿದ್ದೆ?"

"ನಗಬೇಡ. ಸತ್ತ ದೊರೆಯ ಪರವಾಗಿ ಮಾತಾಡ್ತಿದ್ದ, ಅವನ ಬಾಯಾಗಿದ್ದವನು ಹೋದ ಮಳೆಗಾಲದಲ್ಲಿ ಸತ್ತ. ಆ ಜಾಗ ಖಾಲಿ ಇದೆ. ಒಳಗೆ ಯಾರು ಮೊದಲು ಮಾತಾಡ್ತಾರೋ ಅವರನ್ನ ದೊರೆ ಹಿಡ್ಕೊಳ್ತಾನೆ. ಆಮೇಲೆ ಅವರ ನಾಲಿಗೆ ಅವರದಲ್ಲ."

"ಹಿಡ್ಕೊಳ್ಳೋಕೆ ಕೈಯಲ್ಲಿ ಮಾಂಸ ಬೇಡ್ವಾ?"

ಅಜ್ಜಿ ಕಲ್ಲೊಂದನ್ನು ತನ್ನ ಬಾಯಿಗೆ ಹಾಕಿಕೊಂಡು, ಜೋಳದ ಹೆಂಡದ ಗಡಿಗೆ ಹಿಡಿದು ಒಳಗೆ ಹೋದಳು.

ಕಾಲ್ಯಾಂಕಾ ಸಾಮ್ರಾಜ್ಯದಲ್ಲಿ ದೊರೆಗಳು ಸಾಯುತ್ತಿದ್ದರು, ಆದರೆ ಹೋಗುತ್ತಿರಲಿಲ್ಲ. ಒಣಗಿಸಿದ ದೇಹಕ್ಕೆ ನುಣುಪು ಉಣ್ಣೆಯ ಬಟ್ಟೆ ಸುತ್ತಿ ಕೂರಿಸಿದರೆ, ಅವರ ಹೊಲ, ಹೊರೆ ಹೊರುವ ಲಾಮಾಗಳ ಹಿಂಡು, ಆಳುಕಾಳು ಎಲ್ಲ ಅವರಿಗೇ. ಹೊಸ ದೊರೆಗೆ ಸಿಗುತ್ತಿದ್ದದ್ದು ಕಿರೀಟ ಮತ್ತು ಸೈನ್ಯ ಮಾತ್ರ. ಅವನು ಹೊಸ ನಾಡು ಗೆಲ್ಲಬೇಕು, ಸತ್ತ ಮೇಲೆ ಅದರ ಮೇಲೆ ತಾನೂ ಕೂರಬೇಕು. ಹೀಗೆ ಸಾಮ್ರಾಜ್ಯ ಮರಳುಗಾಡಿನಿಂದ ಹಿಮದವರೆಗೆ ಬೆಳೆಯಿತು. ಒಳ್ಳೆಯ ಮಣ್ಣೆಲ್ಲ ಹೆಣಗಳ ಮಡಿಲು ಸೇರಿತು.

ಅತೋಕನ ಮುತ್ತಜ್ಜಂದಿರನ್ನು ಯಾವಾರ್ ದೊರೆ ಹಗ್ಗ ಕಟ್ಟಿ ಎಳೆತಂದಿದ್ದ. ಈ ಬೆಟ್ಟಕ್ಕೆ ಮೆಟ್ಟಿಲು ಹೊಲಗಳನ್ನು ಕಟ್ಟಿದವರು ಅವರೇ. ಕಟ್ಟಿ ಮುಗಿದ ಮೇಲೆ ಅವರನ್ನು ಮೇಲಿನ ಕಲ್ಲುನೆಲಕ್ಕೆ ಅಟ್ಟಿದರು. ಈಗ ಅಲ್ಲಿ ಹಿಮ ಬಿದ್ದು ಆಲೂಗಡ್ಡೆ ಕೊಳೆಯುತ್ತಿತ್ತು. ಮಕ್ಕಳು ಜೇಡಿಮಣ್ಣು ನೆಕ್ಕುತ್ತಿದ್ದರು.

ರಾಜಧಾನಿಯಲ್ಲಿ ಕಲಿತು ಬಂದ ಅತೋಕ್ ಬದುಕಿರುವ ದೊರೆಯ ಮುಂದೆ ಮಂಡಿಯೂರಿ ಬೇಡಿದ್ದ. ದೊರೆ ಒಪ್ಪಿದ್ದ. ಆದರೆ ಸತ್ತವನ ಹೊಲವನ್ನು ಸತ್ತವನೇ ತನ್ನ ಬಾಯಿಂದ ಬಿಟ್ಟುಕೊಡಬೇಕು. ಅದು ಕಟ್ಟಳೆ. ಯಾವಾರ್ ದೊರೆಯ ಬಾಯಿ ಸತ್ತ ಸುದ್ದಿಯನ್ನು ಮನೆಯವರು ಹೊರಗೆ ಬಿಟ್ಟಿರಲಿಲ್ಲ, ಅಜ್ಜಿಯಿಂದ ಅವನಿಗೆ ಮಾತ್ರ ತಿಳಿದಿತ್ತು. ಅತೋಕನಿಗೆ ಬೇಕಾದದ್ದು ಅಷ್ಟೇ.

"ಪರದೆ ಹಿಂದೆ ನಾನೇ ಮಾತಾಡ್ತೀನಿ," ಎಂದು ಹೆಂಡತಿ ಉರ್ಪಿಗೆ ಹೇಳಿದ್ದ. "ರಾಜದೂತ ಹೊರಗೆ ನಿಂತು ಕೇಳಿಸ್ಕೊಳ್ತಾನೆ. ಯಾರಿಗೆ ಗೊತ್ತಾಗುತ್ತೆ?"

"ದನಿ ಸ್ವಲ್ಪ ದಪ್ಪ ಮಾಡು ಮಾರಾಯ. ಇಲ್ಲಾಂದ್ರೆ ದೊರೆಗೆ ಮೀಸೆ ಬಂದಿರ್ಲಿಲ್ಲ ಅಂದ್ಕೋತಾರೆ." ಮಗು ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಮಧ್ಯಾಹ್ನ. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು. ರಾಜದೂತ ಕೊಡೆಯಡಿ ಕೂತಿದ್ದ. ಅವನ ಹಿಂದೆ ಊರಿನವರು, ಅವರ ನಡುವೆ ಉರ್ಪಿ.

ಕಲ್ಲನ್ನು ಬುಟ್ಟಿಗೇ ಹಾಕಿ ಅತೋಕ್ ಪರದೆ ಸರಿಸಿದ. ಒಳಗೆ ಕಿಟಕಿಯಿಲ್ಲ. ಪರದೆ ಬಿದ್ದೊಡನೆ ಕತ್ತಲು ಒದ್ದೆ ಕಂಬಳಿಯಂತೆ ಮುಖಕ್ಕೆ ಅಂಟಿತು. ಹುಳಿತ ಹೆಂಡ, ಸುಟ್ಟ ಕೊಬ್ಬು, ಹಳೆಯ ಉಣ್ಣೆ. ಎಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ, ಸಿಹಿಯಾದದ್ದು. ಎಣ್ಣೆದೀಪದ ಬೆಳಕಿನಲ್ಲಿ ಯಾವಾರ್ ದೊರೆ ಮಂಡಿಗೆ ಗಲ್ಲವಿಟ್ಟು ಕೂತಿದ್ದ. ಗೋಡೆಯುದ್ದಕ್ಕೂ ಬಟ್ಟೆ ಸುತ್ತಿದ ಚಿಕ್ಕ ಚಿಕ್ಕ ಹೆಣದ ಗಂಟುಗಳು. ಅವು ದೊರೆ ತನ್ನ ಪಕ್ಕ ಕೂರಲು ಕರೆಸಿಕೊಂಡವರು. ಮುಂದಿನ ತಟ್ಟೆಯಲ್ಲಿ ಮಾಂಸ, ಅದನ್ನು ಕೊಯ್ಯುವ ಗಾಜುಗಲ್ಲಿನ ಚೂರಿ.

ಅಜ್ಜಿ ಕಲ್ಲು ಕಚ್ಚಿಕೊಂಡೇ ತಲೆಯಾಡಿಸಿದಳು. ಬೇಡ. ಬೇಡ. ಕಣ್ಣಲ್ಲಿ ನೀರಿತ್ತು.

"ಯಾವಾರ್ ದೊರೆಯೇ," ರಾಜದೂತ ಹೊರಗಿನಿಂದ ಕೂಗಿದ, "ಮೆಟ್ಟಿಲು ಹೊಲಗಳನ್ನು ಈ ಜನಕ್ಕೆ ಬಿಟ್ಟುಕೊಡುತ್ತೀಯಾ?"

ಅತೋಕ್ ಎದೆ ತುಂಬ ಉಸಿರೆಳೆದ. ದನಿ ದಪ್ಪ ಮಾಡಿದ.

"ಕೊಟ್ಟೆ."

ಹೊರಗೆ ಜನ ಹೋ ಎಂದರು. ಆಯಿತು. ಇಷ್ಟೇ. ಅವನು ಅಜ್ಜಿಯತ್ತ ತಿರುಗಿ ಕಣ್ಣು ಮಿಟುಕಿಸಿದ.

"ನನಗೇನು ಕೊಡ್ತೀರಿ?"

ಯಾರು ಕೇಳಿದ್ದು? ಅವನ ತುಟಿಗಳು ಇನ್ನೂ ತೆರೆದಿದ್ದವು. ಬಾಯೊಳಗೆ ಏನೋ ಮಗ್ಗುಲು ಬದಲಿಸಿತು. ಅದು ಅವನದೇ ನಾಲಿಗೆ. ಒಣಗಿತ್ತು. ತೊಗಲಿನ ಪಟ್ಟಿಯಂತಿತ್ತು. ಹಳೆಯ ಉಣ್ಣೆಯ ರುಚಿ.

"ದೊರೆಗೆ ಏನು ಬೇಕೋ ಅದು," ಎಂದ ರಾಜದೂತ.

"ಬಹಳ ದಿನ ಒಬ್ಬನೇ ಕೂತಿದ್ದೀನಿ. ಪಕ್ಕಕ್ಕೊಬ್ಬರು ಬೇಕು." ಅತೋಕ್ ಎರಡೂ ಕೈಯಿಂದ ಬಾಯಿ ಮುಚ್ಚಿದ. ಬೆರಳ ಸಂದಿಯಿಂದ ಮಾತು ಸೋರಿತು. "ಉರ್ಪಿ. ಉರ್ಪಿ ಬರಲಿ."

ಅಂಗಳದಲ್ಲಿ ಒಂದು ಸಣ್ಣ ನಗೆ, ತಡೆದುಕೊಂಡ ನಗೆ. ಉರ್ಪಿಗೆ ಅವನ ದನಿ ಗೊತ್ತು. ಇದೂ ಆಟದ ಭಾಗವೆಂದುಕೊಂಡಳು.

ಹೆಜ್ಜೆ ಸದ್ದು. ಬರುತ್ತಿದ್ದಾಳೆ. ಓಡು ಎನ್ನಬೇಕು. "ಬಾ," ಎಂದಿತು ನಾಲಿಗೆ. ಬರಬೇಡ ಎನ್ನಬೇಕು. "ಬೇಗ ಬಾ." ಅಜ್ಜಿ ಬಾಗಿಲಿಗೆ ಧಾವಿಸಿ ಬುಟ್ಟಿಯ ಕಲ್ಲೊಂದನ್ನು ಮುಂದೆ ಚಾಚಿದಳು. ಉರ್ಪಿ ಆ ಕೈಯನ್ನು ನವಿರಾಗಿ ಸರಿಸಿದಳು.

ಪರದೆ ಅಲುಗಿತು. ಬೆಳಕಿನ ಗೆರೆ. ಅವಳ ಪಾದ.

ಅತೋಕ್ ತಟ್ಟೆಯ ಚೂರಿ ಎತ್ತಿಕೊಂಡ. ನಾಲಿಗೆಯನ್ನು ಬೆರಳುಗಳಲ್ಲಿ ಹಿಡಿದ. ಅದು ಜಾರಿತು. ಮತ್ತೆ ಹಿಡಿದ. ಕಣ್ಣು ಮುಚ್ಚಿದ. ಕೊಯ್ದ.

ದನಿ ನಿಂತಿತು. ಬಿಸಿ ರಕ್ತ ಎದೆಗೆ ಸುರಿಯಿತು. ಗೆದ್ದೆ ಎಂದುಕೊಂಡ. ಅವಳು ಉಳಿದಳು.

ಉರ್ಪಿ ಅವನನ್ನು ನೋಡಿದಳು. ನೆಲದ ಮೇಲೆ ಬಿದ್ದದ್ದನ್ನೂ ನೋಡಿದಳು.

ಬಾಯಿಯ ಜಾಗ ಮತ್ತೆ ಖಾಲಿಯಾಗಿತ್ತು. ಅವಳ ಬಾಯಲ್ಲಿ ಕಲ್ಲಿರಲಿಲ್ಲ.

"ಅತೋಕ್!" ಎಂದು ಅವಳು ಚೀರಿದಳು.

ಚೀರು ನಡುವೆಯೇ ನಿಂತಿತು. ಅವಳ ಮುಖ ನಿಧಾನವಾಗಿ ಸಡಿಲಾಯಿತು. ದೊರೆಯ ಬಲಕ್ಕೆ ಹೋಗಿ ಮಂಡಿಗೆ ಗಲ್ಲವಿಟ್ಟು ಕೂತಳು.

"ಈ ದನಿ ಚೆನ್ನಾಗಿದೆ," ಎಂದಳು.

ಊರಿನವರಿಗೆ ಹೊಲ ಸಿಕ್ಕಿತು. ರಾಜದೂತ ಮಾತಿಗೆ ತಪ್ಪಲಿಲ್ಲ. ಮೊದಲ ಬೆಳೆ ಬಂದಾಗ ಮಕ್ಕಳ ಕೆನ್ನೆಗಳು ತುಂಬಿಕೊಂಡಿದ್ದವು. ಅತೋಕ್ ಬಾಗಿಲು ಕಾಯುತ್ತಾನೆ. ದಿನವೂ ಉರ್ಪಿಗೆ ಗಂಜಿ ಕುಡಿಸುತ್ತಾನೆ, ತಲೆ ಬಾಚುತ್ತಾನೆ. ಅವಳ ಕಣ್ಣು ಅವನನ್ನು ಗುರುತಿಸುತ್ತದೆ. ಅವನಿಗೆ ತಡೆಯಲಾಗದ್ದು ಅದೇ.

ಸುಗ್ಗಿ ಮುಗಿದ ಬೆಳಿಗ್ಗೆ ಊರಿನವರು ಹೊಸ ಜೋಳದ ಬುಟ್ಟಿ ಹೊತ್ತು ಬಂದರು. ಪರದೆಯ ಹಿಂದಿನಿಂದ ಉರ್ಪಿಯ ದನಿ ಕೇಳಿತು. ಮೃದುವಾಗಿ, ಮನೆಯವಳಂತೆ.

"ಚಸ್ಕಾ ಬಂದಿದ್ದಾಳಾ? ನನ್ನ ತಂಗಿ? ಒಳಗೆ ಬಾ ಪುಟ್ಟಿ, ಪಕ್ಕದಲ್ಲಿ ಕೂತ್ಕೊ."

ಚಸ್ಕಾಳ ಮುಖ ಅರಳಿತು. ಅತೋಕ್ ಬಾಗಿಲಿಗೆ ಅಡ್ಡ ನಿಂತ. ಎರಡೂ ತೋಳು ಚಾಚಿದ. ತಲೆಯಾಡಿಸಿದ. ಬಾಯಿ ತೆರೆದ. ಹಸಿ ಗೊಗ್ಗರು ಸದ್ದೊಂದು ಬಂತು.

"ಅಯ್ಯೋ ಭಾವ, ಇದೇನು ಹುಡುಗಾಟ? ಅಕ್ಕ ಕರೀತಿದ್ದಾಳೆ," ಎಂದು ಅವಳು ನಕ್ಕಳು. "ಬಿಡಪ್ಪಾ ದಾರಿ."

ಅವನ ತೋಳಿನಡಿ ಬಗ್ಗಿ ನುಸುಳಿದಳು. ಪರದೆ ಒಮ್ಮೆ ಅಲುಗಿ ಸುಮ್ಮನಾಯಿತು.