ಅಪ್ಪನ ಚಾಕುವಿನ ಹಿಡಿ

ಇದನ್ನ ಪೂರ್ತಿ ಕೇಳಿ, ಆಮೇಲೆ ವೆಂಡೆಲ್‌ನ ಬೈಯೋದಿದ್ರೆ ಬೈಯಿರಿ.

ಪೆನ್ಸಿಲ್ವೇನಿಯಾದ ಆ ಬೆಟ್ಟದೂರಲ್ಲಿ ಹಳೇ ಬೇಟೆ ಚಾಕು ಸಂಗ್ರಹ ಮಾಡೋರು ಇಬ್ಬರೇ, ವೆಂಡೆಲ್ ಮತ್ತೆ ಅವನಪ್ಪನ ಗೆಳೆಯ ಹಾರ್ಲನ್. ಅಪ್ಪ ಸತ್ತ ವಾರದಲ್ಲೇ ಹಾರ್ಲನ್ ಬಂದು, ನೆನಪಿಗಿರ್ಲಿ ಅಂತ ಅಪ್ಪನ ಮಡಚೋ ಚಾಕುನ ಅಮ್ಮನ ಹತ್ರ ಈಸ್ಕೊಂಡು ಹೋಗಿದ್ದ. ಅದರ ಹಿಡಿ ಜಿಂಕೆ ಕೊಂಬಿಂದು, ಆ ಜಿಂಕೆ ಅಪ್ಪನೇ ಹೊಡೆದಿದ್ದು. ವೆಂಡೆಲ್ ಚಿಕ್ಕಂದಿನಿಂದ ಅಪ್ಪನ ಬಾಯಲ್ಲಿ ಕೇಳ್ಕೊಂಡು ಬೆಳೆದ ಕತೆ ಅದು. ಅಂಥಾ ಚಾಕುನ ಮುದುಕ ತನ್ನ ಗಾಜಿನ ಬೀರುವಲ್ಲಿ ಕೂಡ ಇಡ್ಲಿಲ್ಲ. ಜೇಬಲ್ಲಿಟ್ಕೊಂಡು ಸೇಬು ಹೆಚ್ತಿದ್ದ. ಅದೂ ಸಾಲದು ಅಂತ ಬೇಟೆ ಕ್ಲಬ್ಬಲ್ಲಿ ಎಲ್ಲರೆದುರು ಅಂದ,

"ನಿಮ್ಮಪ್ಪ ಜಿಂಕೆ ಹೊಡೆದಿದ್ನಾ? ಲೋ ಮರಿ, ಅವನ ಗುಂಡಿಗೆ ಹೆದರ್ತಿದ್ದಿದ್ದು ಮರಗಳು ಮಾತ್ರ."

ಎಲ್ಲರೂ ನಕ್ರು. ವೆಂಡೆಲ್ಲೂ ನಕ್ಕ. ಆವತ್ತೇ ತೀರ್ಮಾನ ಮಾಡ್ಕೊಂಡ, ಆ ಬೀರುವಲ್ಲಿರೋ ನಾನೂರು ಚಾಕೂನೂ ಹಾಳಾಗ್ಬೇಕು.

ಚಾಕು ಸಂಗ್ರಹ ಮಾಡೋರಿಗೆಲ್ಲ ಒಂದೇ ಭಯ, ಸೆಲ್ಯುಲಾಯ್ಡ್. ನೂರು ವರ್ಷದ ಹಿಂದೆ, ನೋಡಕ್ಕೆ ಕೊಂಬಿನ ಥರಾನೇ ಇರ್ಲಿ ಅಂತ ಹಿಡಿಗೆ ಹಾಕ್ತಿದ್ದ ಪ್ಲಾಸ್ಟಿಕ್ಕು. ಗಾಳೀಲಿದ್ರೆ ಪಾಪದ್ದು. ಬಿಗಿಯಾಗಿ ಮುಚ್ಚಿಟ್ರೆ ಕೊಳೆತು ಆವಿ ಬಿಡುತ್ತೆ, ಪಕ್ಕದಲ್ಲಿರೋ ಉಕ್ಕನ್ನೆಲ್ಲ ತಿಂದುಹಾಕುತ್ತೆ. ಅದಕ್ಕೇ ವೆಂಡೆಲ್ ಮನೆಗೆ ತರೋ ಪ್ರತಿ ಹಿಡಿಗೂ ಮೊದಲು ಕಾದ ಸೂಜಿ ಚುಚ್ತಿದ್ದ. ಕರ್ಪೂರದ ವಾಸನೆ ಬಂದ್ರೆ ಅದು ಸೆಲ್ಯುಲಾಯ್ಡೇ, ಮುಟ್ತಾನೇ ಇರ್ಲಿಲ್ಲ.

ನವೆಂಬರಲ್ಲಿ ಹಾರ್ಲನ್ ಫ್ಲಾರಿಡಾಕ್ಕೆ ಹೊರಟ, ಏಪ್ರಿಲ್ ತನಕ ಬರಲ್ಲ. ವೆಂಡೆಲ್ ಸಹಾಯಕ್ಕೆ ಅಂತ ಹೋದ. ಚಾಕುಗಳಿಗೆ ಎಣ್ಣೆ ಒರೆಸಿದ, ಇದಕ್ಕೇ ಅಂತ ಹುಡುಕಿ ತಂದಿದ್ದ, ಕೊಳೀತಿರೋ ಸೆಲ್ಯುಲಾಯ್ಡಿನ ನಾಲ್ಕು ಚೂರು ಮಖಮಲ್ ಬಟ್ಟೆ ಕೆಳಗೆ ತಳ್ಳಿದ, ಬೀರು ಬಾಗಿಲು ಬಿಗಿಯಾಗಿ ಹಾಕಿದ. ಬೀಗ ಒಡೀಲಿಲ್ಲ, ಏನೂ ಕದೀಲಿಲ್ಲ. ತುಕ್ಕಿನ ಮೇಲೆ ಯಾವ ಪೊಲೀಸು ಕೇಸ್ ಹಾಕ್ತಾನೆ?

ಹೊರಡೋವಾಗ ಹಾರ್ಲನ್ ಜೇಬಿಂದ ಅಪ್ಪನ ಚಾಕು ತೆಗೆದು ಅವನ ಕೈಗಿಟ್ಟ.

"ವಿಮಾನದಲ್ಲಿ ಬಿಡಲ್ವಂತೆ. ಇನ್ಮೇಲೆ ನಿಂಗೇ ಇರ್ಲಿ ಮರಿ. ಆದ್ರೆ ಜೇಬಲ್ಲೇ ಇಟ್ಕೋ, ಪೆಟ್ಟಿಗೇಲಿ ಬೇಡ."

"ಸೇಬು ಹೆಚ್ಚಕ್ಕಾ, ಅಂಕಲ್?"

ಹಾರ್ಲನ್ ಅವನ ಬೆನ್ನು ತಟ್ಟಿ ಕಾರು ಹತ್ತಿದ.

ಎಣ್ಣೆ ಒರೆಸಕ್ಕೆ ಅಂತ ಕೊಟ್ಟಿದ್ದ ಬೀರುವಿನ ಕೀ ಇನ್ನೂ ವೆಂಡೆಲ್ ಹತ್ರಾನೇ ಇತ್ತು, ಚೂರುಗಳನ್ನ ವಾಪಸ್ ತೆಗೀಬಹುದಿತ್ತು. ತೆಗೀಲಿಲ್ಲ. ಮನೆಗೆ ಬಂದು, ತನ್ನ ಮೂವತ್ತು ವರ್ಷದ ಸಂಗ್ರಹ ಇದ್ದ ಉಕ್ಕಿನ ಪೆಟ್ಟಿಗೆ ತೆರೆದು, ನಟ್ಟನಡುವೆ ಅಪ್ಪನ ಚಾಕು ಮಲಗಿಸಿದ. ಚಳಿಗಾಲದ ತೇವ ಒಳಗೆ ಹೋಗದ ಹಾಗೆ ರಬ್ಬರ್ ಪಟ್ಟಿ ಹಾಕಿ ಮುಚ್ಚಿದ.

ಏಪ್ರಿಲಲ್ಲಿ ಹಾರ್ಲನ್ ಫೋನ್ ಮಾಡಿದ. "ಎಲ್ಲಾ ಹೋಯ್ತು ಕಣೋ. ಒಂದೂ ಉಳೀಲಿಲ್ಲ."

ವೆಂಡೆಲ್ ಅಯ್ಯೋ ಅಂದ, ಫೋನಿಟ್ಟ, ಶಿಳ್ಳೆ ಹಾಕ್ತಾ ಹೋಗಿ ತನ್ನ ಪೆಟ್ಟಿಗೆ ತೆರೆದ. ಮೊದಲು ಬಂದಿದ್ದು ವಾಸನೆ. ಕರ್ಪೂರದ್ದು. ಆಮೇಲೆ ಕಂಡಿದ್ದು ತುಕ್ಕು, ಈ ತುದಿಯಿಂದ ಆ ತುದಿ ತನಕ, ನಡುವೆ ಬೆವರ್ತಾ ಬಿರುಕುಬಿಟ್ಟು ಪುಡಿಯಾಗ್ತಿದ್ದ ಅಪ್ಪನ ಜಿಂಕೆ ಕೊಂಬು. ಪೆಟ್ಟಿಗೇಲಿದ್ದ ಪ್ರತಿ ಹಿಡಿಗೂ ಸೂಜಿ ಚುಚ್ಚಿ ನೋಡಿದ್ದ, ಇದೊಂದನ್ನ ಬಿಟ್ಟು. ನೀವಾಗಿದ್ರೆ ಚುಚ್ಚಿ ನೋಡ್ತಿದ್ರಾ, ಅಪ್ಪನ ಮಾತಿಗೆ?