ಕೀಗೆ ಹಚ್ಚಿದ ಕುಂಕುಮ

ಗುಜರಾತಿನ ಬೋಪಾಲ್ ಬಡಾವಣೆಯಲ್ಲಿ ಸಾಲ ಮಾಡಿ ಕೊಂಡ ಫ್ಲ್ಯಾಟು ಬೀಗ ಹಾಕಿಕೊಂಡು ಖಾಲಿ ಬಿದ್ದಿದೆ ಎಂದೇ ಸಾವಿತ್ರಿ ನಂಬಿದ್ದಳು. ಹೋಗಿ ನೋಡಿದರೆ ಬಾಗಿಲಲ್ಲಿ ಹಸಿ ತೋರಣ, ಯಾರದೋ ಚಪ್ಪಲಿಗಳು. ಒಳಗೊಂದು ಗುಜರಾತಿ ಸಂಸಾರ!

"ವರ್ಷದಿಂದ ಬಾಡಿಗೆಗಿದ್ದೇವೆ," ಎಂದಳು ಒಳಗಿದ್ದ ಹೆಂಗಸು. "ಕೀ ಕೊಟ್ಟಿದ್ದು ಬ್ರೋಕರ್. ಬಾಡಿಗೆಯೂ ಅವನ ಕೈಗೇ. ಮಾಲೀಕರನ್ನು ನೋಡಿಲ್ಲ."

ಬ್ರೋಕರ್ ಫೋನ್ ಎತ್ತಲಿಲ್ಲ. ಬೀಗ ಹಳೆಯದೇ. ಅದಕ್ಕಿದ್ದದ್ದು ಎರಡೇ ಕೀ—ಒಂದು ಸೂರತ್‌ನಲ್ಲಿ ಬ್ಯಾಂಕ್ ಅಧಿಕಾರಿಯಾಗಿರುವ ಗಂಡ ಚಂದ್ರಶೇಖರನ ಬಳಿ, ಇನ್ನೊಂದು ಇಲ್ಲೇ ಉಡುಪಿ ಹೋಟೆಲ್ ನಡೆಸುವ ತಮ್ಮ ಹರೀಶನ ಬಳಿ.

"ಇನ್ಯಾರು? ನಿನ್ನ ತಮ್ಮನೇ," ಎಂದ ಗಂಡ ಫೋನಿನಲ್ಲಿ.

ಅಷ್ಟು ಸಾಕಾಯಿತು. ಸಾವಿತ್ರಿ ಹೋಟೆಲಿಗೆ ನುಗ್ಗಿ, ಊಟಕ್ಕೆ ಕೂತ ಗಿರಾಕಿಗಳೆದುರೇ ತಮ್ಮನನ್ನು ಕಳ್ಳ ಎಂದು ಕೂಗಾಡಿದಳು. ಹರೀಶ ಸಾಂಬಾರಿನ ಬಕೆಟ್ ಎತ್ತಿಕೊಂಡು ಬಡಿಸಲು ಹೋದ.

ಮರುದಿನ ಚಂದ್ರಶೇಖರ ಹೋಟೆಲಿಗೆ ಬಂದ. ಸಾವಿತ್ರಿ ಕರೆದಳೆಂದು ವಡೋದರಾದಿಂದ ಮೇದಿನಿಯೂ ಬಂದರು—ಆದಾಯ ತೆರಿಗೆ ಇಲಾಖೆಯಿಂದ ನಿವೃತ್ತರಾದ, ಮನೆಮಂದಿಗೆಲ್ಲ ಬೇಕಾದ ಹೆಂಗಸು.

"ಕೀ ಎಲ್ಲಿದೆ ಹರೀಶ?" ಮೇದಿನಿ ಕೇಳಿದರು.

"ಗಲ್ಲಾದ ಮೇಲೆ, ದೇವರ ಫೋಟೊದೆದುರು ಉಂಟು. ಗೃಹಪ್ರವೇಶದ ದಿನ ಅಕ್ಕ ಕುಂಕುಮ ಹಚ್ಚಿ ಕೊಟ್ಟದ್ದಲ್ವಾ? ಶುಕ್ರವಾರದ ಪೂಜೆಗೆ ಅದಕ್ಕೂ ಕುಂಕುಮ ಹಾಕ್ತೇನೆ."

"ದೇವರೆದುರು ಇಟ್ಟುಬಿಟ್ರೆ ಸಾಚಾ ಆದ ಹಾಗಾ?" ಚಂದ್ರಶೇಖರ ನಕ್ಕ.

ಮೇದಿನಿ ಕೀಯನ್ನು ಬೆಳಕಿಗೆ ಹಿಡಿದರು.

"ಸಾವಿತ್ರಿ, ನಿನ್ನೆ ಇದನ್ನ ನೋಡಿದ್ಯಾ?"

"ಇಲ್ಲ..."

"ಹಲ್ಲುಗಳ ಸಂದಿನಲ್ಲೆಲ್ಲ ಕುಂಕುಮ ಗಟ್ಟಿಯಾಗಿದೆ. ಪದರದ ಮೇಲೆ ಪದರ. ಒಮ್ಮೆ ಬೀಗದೊಳಗೆ ಹೋಗಿದ್ದರೂ ಉದುರಿಹೋಗ್ತಿತ್ತು. ತಳದಲ್ಲಿರೋದು ನೀನೇ ಹಚ್ಚಿದ್ದು." ಮೇದಿನಿ ತಿರುಗಿದರು. "ನಿಮ್ಮ ಕೀ ತೋರಿಸಿ, ಚಂದ್ರಶೇಖರ್."

ಜೇಬಿಗೆ ಹೋದ ಕೈ ಹೊರಗೆ ಬರಲಿಲ್ಲ.

"ಬ್ರೋಕರ್‌ಗೆ ಕೊಟ್ಟೆ. ಬಾಡಿಗೆಗೆ ತೆರಿಗೆ ಬೀಳುತ್ತೆ ಅಂತ... ಇವಳಿಗೆ ಹೇಳಿದ್ರೆ ನಿಮ್ಮ ಕಿವಿಗೆ ಬೀಳುತ್ತೆ ಅಂತ..."

"ವರ್ಷದ ಬಾಡಿಗೆ ಎಷ್ಟು?"

"ಎರಡು ಲಕ್ಷ."

"ಸಾಲದ ಬಡ್ಡಿ?"

"ಮೂರು."

"ಬಾಡಿಗೆಯಲ್ಲಿ ನೀವು ನಗರಸಭೆಗೆ ಕಟ್ಟಿದ ಮನೆ ತೆರಿಗೆ ಕಳೀರಿ. ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ಕಾನೂನೇ ಬಿಡುತ್ತೆ. ಆಮೇಲೆ ಬಡ್ಡಿ—ಅಸಲಲ್ಲ, ಬಡ್ಡಿ. ತೆರಿಗೆ ಹಾಕೋದಕ್ಕೆ ಏನು ಉಳೀತು?"

ದಿನವೂ ಗೃಹಸಾಲ ಮಂಜೂರು ಮಾಡುವ ಅಧಿಕಾರಿಯ ತುಟಿ ಅಲುಗಿತು. "ಏನೂ ಇಲ್ಲ."

"ತೋರಿಸಿದ್ದರೆ ಆ ಬಾಡಿಗೆಗೆ ಒಂದು ರೂಪಾಯಿ ತೆರಿಗೆ ಇರಲಿಲ್ಲ. ಇಲ್ಲದ ತೆರಿಗೆ ತಪ್ಪಿಸೋಕೆ ಹೆಂಡತಿಯ ತಮ್ಮನನ್ನ ಕಳ್ಳ ಮಾಡಿದ್ರಿ."

ಸಾವಿತ್ರಿಗೆ ಗಂಡನ ಮೇಲೆ ಸಿಟ್ಟು ಬರಬೇಕಿತ್ತು; ಬಂದದ್ದು ನಾಚಿಕೆ. ಫೋನಿನ ಒಂದು ಮಾತಿಗೆ ಒಡಹುಟ್ಟಿದವನನ್ನು ಬಿಟ್ಟುಕೊಟ್ಟವಳು ತಾನೇ.

ಹರೀಶ ಕೀಯನ್ನು ಅವಳ ಅಂಗೈಯಲ್ಲಿಟ್ಟ. "ತಗೊ ಅಕ್ಕ. ಇನ್ನು ಇದು ನನ್ನ ಹತ್ರ ಬೇಡ."

ಸಾವಿತ್ರಿ ಮೇಜುಗಳ ಕಡೆ ತಿರುಗಿದಳು. ನನ್ನ ತಮ್ಮ ಕಳ್ಳನಲ್ಲ ಎಂದು ಕೂಗಿ ಹೇಳಬೇಕೆನಿಸಿತು. ನಿನ್ನೆ ಕೇಳಿದವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.